ಟ್ಯಾಂಕಿನ ಮೇಲಿಂದ ಕೇಳಿದ ಸದ್ದು

ಮಾರ್ಚ್ ೧೨, ಗುರುವಾರ

ಕುತ್ತಿಗೆ ಹಿಡಿದುಕೊಂಡಿದೆ. ಬೆಳಗಿನಿಂದ ಆಕಾಶ ನೋಡುತ್ತ ನಿಂತರೆ ಇನ್ನೇನಾಗುತ್ತೆ!

ಮೊಬೈಲ್ ಟವರ್, ಗಡಿಯಾರ ಗೋಪುರ, ಲೈಟ್‌ಹೌಸ್, ಎಲ್ಲಕ್ಕೂ ಬಣ್ಣ ಬಳಿದ ನಮ್ಮ ಯಜಮಾನರು ಹೋದ ವರ್ಷ ಬಿದ್ದ ಮೇಲೆ ಮನೆಯ ಅಟ್ಟವನ್ನೂ ಹತ್ತಿರಲಿಲ್ಲ. ಇವತ್ತು ನೀರಿನ ಟ್ಯಾಂಕಿನ ಏಣಿ ಹಿಡಿದರು.

"ನೀನು ಬರಬೇಡ, ನೋಡ್ತಾ ನಿಂತ್ರೆ ನನಗೆ ಕೈ ನಡುಗತ್ತೆ" ಅಂದಿದ್ದರು. ಊಟದ ಡಬ್ಬಿಯ ನೆಪದಲ್ಲಿ ಹೋದೆ.

ಮೇಲೆ ತಲುಪಿದವರು ಕಬ್ಬಿಣಕ್ಕೆ ಬಡಿಯಬೇಕು, ಕೆಳಗಿದ್ದವರು ಬಡಿದು ಉತ್ತರಿಸಬೇಕು. ಇವರ ಕಸುಬಿನ ಪದ್ಧತಿ. ಟಣ್ ಟಣ್ ಕೇಳಿದ್ದೇ ತಡ, ಡಬ್ಬಿಯಿಂದಲೇ ಏಣಿಗೆ ಬಡಿದೆ.

"ಲೇ, ನನ್ನ ಊಟ ಕಣೇ ಅದು!" ಮೇಲಿಂದ ಕೂಗಿದರು. ಧ್ವನಿ ನಡುಗಲಿಲ್ಲ.

ಡಬ್ಬಿ ನೆಗ್ಗಿದೆ, ಮುಚ್ಚಳ ಕೂರುತ್ತಿಲ್ಲ. ರಾತ್ರಿ ಮಲಗುವಾಗ, ಹೊಸದು ತರೋಣ ಅಂದೆ.

"ಯಾಕೆ? ನಾಳೆನೂ ಬಡೀಬೇಕಲ್ಲ" ಅಂದು ಮಗ್ಗುಲಾದರು.