ಪೇತ್ರನ ಜಾಗ

ಮನೆಯಿಂದ,
ಶನಿವಾರ, ಜೂನ್ ೧೪

ಪ್ರೀತಿಯ ಯಜಮಾನರಿಗೆ ವಂದನೆಗಳು.

ಸೊಂಟದ ನೋವು ಹೇಗಿದೆ? ಹೊಲಿಗೆ ಹಾಕಿದ ಜಾಗ ಒಣಗಿತೇ? ಮಗನ ಮನೆಯಲ್ಲಿ ರಾತ್ರಿ ನೆಟ್ಟಗೆ ನಿದ್ದೆ ಮಾಡುತ್ತೀರೋ, ಇಲ್ಲ ಪಕ್ಕದ ಕೋಣೆಯಲ್ಲಿ ಸೊಸೆ ಕೆಮ್ಮಿದರೂ ನೀರು ಕೊಡಲು ಏಳುತ್ತೀರೋ? ಹೊಸ ಕೀಲು ಕೂರುವ ತನಕ ಯಾರಾದರೂ ಹಿಡಿದುಕೊಳ್ಳದೆ ಏಳಬಾರದು, ಬಚ್ಚಲಿಗಂತೂ ಒಬ್ಬರೇ ಹೋಗಲೇಬಾರದು, ಇನ್ನೊಂದು ಸಲ ಬಿದ್ದರೆ ಮತ್ತೆ ನಡೆಸುವುದು ತಮ್ಮ ಕೈಲಿಲ್ಲ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ನೀವು ಫೋನಿನಲ್ಲಿ ‘ಎಲ್ಲ ಸರಿಯಿದೆ’ ಎನ್ನುತ್ತೀರಿ. ನಿಮ್ಮ ಈ ‘ಎಲ್ಲ ಸರಿ’ ಎಂಥದ್ದೆಂದು ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ನಾನು ಮುಂದೆ ಕೇಳುವಷ್ಟರಲ್ಲಿ ಕರ್ತನು ನೋಡಿಕೊಳ್ಳುತ್ತಾನೆ ಎಂದು ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ನಮ್ಮ ಚರ್ಚಿನ ಸಭೆಯ ಎಲೆಕ್ಟ್ರಿಷಿಯನ್ ಕೆಲಸದ ಮೇಲೆ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಇಲ್ಲಿ ನಾನು ಆರಾಮ. ಆಸ್ಪತ್ರೆಯಿಂದ ಹೊರಟಾಗ ನಾನೂ ನಿಮ್ಮ ಜೊತೆ ಬರುತ್ತೇನೆಂದರೆ, ಸಭೆಯವರನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ನನ್ನನ್ನು ಇಲ್ಲೇ ಕಟ್ಟಿಹಾಕಿ ಹೋದಿರಿ. ನೋಡಿಕೊಂಡ ವೈಖರಿ ಕೇಳಿ. ನೀವಿಲ್ಲದ ಮೊದಲ ಭಾನುವಾರ ಆರಾಧನೆಗೆ ಬಂದವರೆಲ್ಲ ಅಂಗಳದಲ್ಲೇ ನಿಂತಿದ್ದರು. ಚರ್ಚಿನ ಬೀಗದ ಕೈ ನಿಮ್ಮ ಹಳೇ ಕೋಟಿನ ಜೇಬಿನಲ್ಲಿ, ಕೋಟು ನಿಮ್ಮ ಮೈಮೇಲೆ! ಕೊನೆಗೆ ಹಿಂದಿನ ಕಿಟಕಿಯಿಂದ ಸ್ಕೂಲ್ ಬಸ್ಸಿನ ಡ್ರೈವರನ್ನು ಒಳಗೆ ಇಳಿಸಬೇಕಾಯಿತು. ಬೆಂಚುಗಳ ಮೇಲೆ ಬೆರಳಿಟ್ಟರೆ ಧೂಳು, ಕುಡಿಯಲು ನೀರಿಲ್ಲ. ಮೈಕಿನ ಸ್ವಿಚ್ ಯಾವುದೆಂದು ಎಲೆಕ್ಟ್ರಿಷಿಯನ್ನಿಗೇ ಗೊತ್ತಿಲ್ಲ, ಪಾಪ, ನೀವು ಅವನಿಗೆ ಒಂದು ಬಲ್ಬು ಬದಲಿಸಲೂ ಬಿಟ್ಟವರಲ್ಲ. ಇಷ್ಟು ವರ್ಷ ನಸುಕಿನಲ್ಲೇ ಹೋಗಿ ಎಲ್ಲವನ್ನೂ ಒಬ್ಬರೇ ಮಾಡಿ ಮುಗಿಸುತ್ತಿದ್ದಿರಿ. ಬೆಂಚು ತಾನಾಗಿಯೇ ಹೊಳೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆಮೇಲೆ ಹಿರಿಯರೆಲ್ಲ ಕೂತು ಕೆಲಸ ಹಂಚಿಕೊಳ್ಳೋಣ ಎಂದರು. ಅಲ್ಲೊಂದು ತಮಾಷೆ. ಕಕ್ಕಸು ತೊಳೆಯುವ ಕೆಲಸ ತನಗೇ ಬೇಕೆಂದು ಮೂವರು ಪಟ್ಟು ಹಿಡಿದರು, ಏಕೆಂದರೆ ಅದು ನೀವು ಮಾಡುತ್ತಿದ್ದ ಕೆಲಸ. ಬೇಕರಿಯವನು ಮತ್ತು ಟೀಚರಮ್ಮ ನಾನು ತಾನು ಎಂದು ಮುಖ ಕೆಂಪಗೆ ಮಾಡಿಕೊಂಡರು. ಮುಂದೆ ನಿಂತು ಪ್ರಾರ್ಥನೆ ನಡೆಸಿ ಎಂದರೆ ಮಾತ್ರ ಎಲ್ಲರೂ ನೆಲ ನೋಡಿದರು. ಕೆಳಗಿನ ಜಾಗವನ್ನೇ ನೀವು ಅಷ್ಟು ದೊಡ್ಡ ಕುರ್ಚಿ ಮಾಡಿಟ್ಟಿದ್ದೀರಿ ನೋಡಿ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಹಾಸಿಗೆ ಹಿಡಿದಿರುವ ನಮ್ಮ ಟೈಲರಜ್ಜಿಗೆ ದಿನವೂ ಊಟ ಒಯ್ಯುತ್ತಿದ್ದವರು ನೀವು. ನೀವು ಹೋದ ಮೇಲೆ ಆ ಕೆಲಸ ಯಾರದೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಮಾಡಿದ ಸೇವೆಯನ್ನು ಹೇಳಿಕೊಳ್ಳಬಾರದು ಎಂದು ನೀವೇ ತಾನೇ ಕಲಿಸಿದ್ದು? ಹೋದ ವಾರ ಸೋಮವಾರ ಒಬ್ಬರಿಗೊಬ್ಬರು ತಿಳಿಯದ ಹಾಗೆ ನಾಲ್ಕು ಮನೆಯಿಂದ ಡಬ್ಬಿ ಹೋಗಿದೆ. ಆಮೇಲೆ ಅಲ್ಲಿ ಬೇರೆ ಡಬ್ಬಿಗಳನ್ನು ಕಂಡು, ಹೇಗೂ ಬೇರೆಯವರು ಕೊಡುತ್ತಿದ್ದಾರಲ್ಲ ಎಂದು ನಾಲ್ವರೂ ಸುಮ್ಮನಾಗಿದ್ದಾರೆ. ಆ ಗುರುವಾರ ಸಂಜೆ ನಾನು ಸುಮ್ಮನೆ ಮಾತಾಡಿಸಲು ಹೋದರೆ ಅಜ್ಜಿ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಬೆಳಗಿನಿಂದ ಅಷ್ಟೇ ಅಂತೆ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಲ್ಲೇ ಒಲೆ ಹಚ್ಚಿ ಏನೋ ಒಂದಿಷ್ಟು ಬಿಸಿಯಾಗಿ ಮಾಡಿಕೊಟ್ಟೆ. ಉಂಡ ಮೇಲೆ ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

‘ನಿಮ್ಮ ಮೇಲೆ ನಂಗೆ ಬೇಜಾರಿಲ್ಲಮ್ಮ. ಬೇಜಾರು ಪಾಸ್ಟರ ಮೇಲೆ. ದಿನಾ ಉಣ್ಣಿಸಿದ್ರು, ದೊಡ್ಡ ಮನಸ್ಸು. ಆದ್ರೆ ಅವರ ನಿಲುವಂಗಿ ತೋಳು ಹರಿದು ನೇತಾಡ್ತಿತ್ತು. ಕೊಡಿ, ಹೊಲಿದುಕೊಡ್ತೀನಿ ಅಂದ್ರೆ, ಮಲಗಿ ಅಜ್ಜಿ, ಆಯಾಸ ಮಾಡ್ಕೋಬೇಡಿ ಅಂದ್ರು. ಹುಟ್ಟಿದಾಗಿಂದ ಹೊಲಿದೋಳು ನಾನು. ನನ್ ಹತ್ರ ಕೊಡೋಕೆ ಇರೋದು ಅದೊಂದೇ. ಅದೂ ಬೇಡ ಅಂದ್ರೆ, ನಾನು ಬರೀ ಬಾಯಿ ತೆರೆಯೋಕೆ ಇರೋದಾ?’

ಮರುದಿನ ನಿಲುವಂಗಿ ಒಯ್ದು ಕೊಟ್ಟೆ. ನಿಮ್ಮ ಅಪ್ಪಣೆ ಕೇಳಲಿಲ್ಲ, ಕೇಳಿದ್ದರೆ ನೀವು ಕೊಡುತ್ತಿರಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಸೂಜಿಗೆ ದಾರ ಪೋಣಿಸಿಟ್ಟು ಬಂದೆ. ಮಧ್ಯಾಹ್ನ ಟೀಚರಮ್ಮ ಡಬ್ಬಿ ತಗೊಂಡು ಹೋದರೆ ಅಜ್ಜಿ ತಲೆ ಕೂಡ ಎತ್ತದೆ, ‘ಅಲ್ಲಿಡಿ, ಈಗ ಕೈ ಬಿಡುವಿಲ್ಲ’ ಎಂದಳಂತೆ. ಹೊಲಿಗೆ ಸ್ವಲ್ಪ ಸೊಟ್ಟಗೆ ಬಂದಿದೆ. ನೀವು ಅದನ್ನೇ ತೊಟ್ಟುಕೊಂಡು ಮುಂದೆ ನಿಲ್ಲಬೇಕು. ಈಗ ಯಾವ ದಿನ ಯಾರ ಮನೆಯ ಊಟ ಎಂಬುದನ್ನು ಎಲ್ಲರೂ ಆರಾಧನೆ ಮುಗಿದ ಮೇಲೆ ಗಟ್ಟಿಯಾಗಿ ಹೇಳಿಕೊಳ್ಳುವುದೆಂದು ಡ್ರೈವರು ತೀರ್ಮಾನ ಮಾಡಿಸಿದ್ದಾನೆ. ಮೊದಲು ನಾಚಿಕೊಂಡರು, ಆಮೇಲೆ ಸರಿಹೋಯಿತು.

ನನಗೂ ಒಂದು ಮಾತು ಹೇಳಲಿಕ್ಕಿದೆ, ಸಿಟ್ಟಾಗಬೇಡಿ. ನನ್ನ ಬಟ್ಟೆ ನೀವು ಒಗೆದಿದ್ದೀರಿ, ಜ್ವರ ಬಂದಾಗ ತಲೆ ಬಾಚಿದ್ದೀರಿ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಹೆಂಗಸರೆಲ್ಲ ನನ್ನೆದುರು ಹೊಗಳುತ್ತಾರೆ. ನಿಮಗೆ ಜ್ವರ ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಮಲಗುತ್ತೀರಿ, ಹಣೆ ಮುಟ್ಟಲೂ ಬಿಡುವುದಿಲ್ಲ. ಆಗೆಲ್ಲ ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನೀವು ಎಷ್ಟು ಸಲ ಬೋಧಿಸಿಲ್ಲ! ಪ್ರತಿ ಸಲವೂ ಬೋಗುಣಿ ಹಿಡಿದವನ ಜಾಗದಲ್ಲಿ ನಿಂತೇ ಬೋಧಿಸಿದ್ದೀರಿ. ಕಾಲು ಹಿಂದಕ್ಕೆ ಎಳೆದುಕೊಂಡು, ಆಮೇಲೆ ಬೈಸಿಕೊಂಡು ಮುಂದೆ ಚಾಚಿದ ಶಿಷ್ಯ ಪೇತ್ರನ ಜಾಗದಲ್ಲಿ ಒಂದು ಸಲವೂ ಕೂತದ್ದನ್ನು ನಾನು ನೋಡಿಲ್ಲ. ಅವನೂ ಮುಂದೆ ಸಭೆ ನಡೆಸಿದವನೇ. ಆದರೆ ಅದಕ್ಕೆ ಮೊದಲು ಅವನು ಕಾಲು ಕೊಡಬೇಕಾಯಿತು. ನಿಮಗೆ ನಾನು ಬೋಧನೆ ಮಾಡುವಂತಾಯಿತು, ಇರಲಿ.

ಸೊಸೆಗೆ ನನ್ನ ಆಶೀರ್ವಾದ ತಿಳಿಸಿ. ಸಭೆಯವರೆಲ್ಲ ನಿಮ್ಮನ್ನು ಕೇಳಿದ್ದಾರೆ. ಕರ್ತನು ನಿಮ್ಮ ಒಂದೊಂದು ಹೆಜ್ಜೆಯನ್ನೂ ಕಾಯಲಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾನೆ. ನೀವು ಬುಧವಾರ ಬಚ್ಚಲಲ್ಲಿ ಜಾರಿದ್ದು ನನಗೆ ಗೊತ್ತು, ಮಗ ಹೇಳಿದ. ನಲ್ಲಿ ಸಿಕ್ಕಿದ್ದರಿಂದ ಉಳಿದಿರಂತೆ, ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತಂತೆ. ದಿನಾ ನೀವು ಅವನನ್ನು ಆಚೆ ನಿಲ್ಲಿಸಿ ಸ್ನಾನ ಮಾಡುತ್ತೀರಂತೆ. ‘ಅಪ್ಪ ಬಿದ್ದ ಸದ್ದು ಕೇಳುತ್ತಾ ಅಂತ ಬಾಗಿಲಿಗೆ ಕಿವಿಯಿಟ್ಟುಕೊಂಡು ನಿಂತಿರ್ತೀನಮ್ಮ’ ಎಂದು ಅಷ್ಟು ದೊಡ್ಡ ಗಂಡಸು ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತ. ನಾಳೆ ಬೆಳಿಗ್ಗೆ ಅವನು ನೀರು ಕಾಯಿಸುತ್ತಾನೆ. ರೀ, ಅಗುಳಿ ಹಾಕಬೇಡಿ.