ಬೆಳಗಿನ ಮಾತ್ರೆ

ಜನವರಿ 8, ಬೆಳಿಗ್ಗೆ 5.20
ಟಿಕೆಟ್ ಮೆಷಿನ್ ಚಾರ್ಜ್ ಆಗಿದೆ. ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ. ಶುಗರ್ ಮಾತ್ರೆ ಇವತ್ತೂ ನುಂಗಲಿಲ್ಲ. ನುಂಗಿದ ಅರ್ಧ ಗಂಟೆಗೆ ಹೊಟ್ಟೆ ಕೆಡುತ್ತದೆ. ಆರಕ್ಕೆ ಅರಸೀಕೆರೆ ಬಿಟ್ಟರೆ ಬೇಲೂರಿನವರೆಗೆ ಕಂಡಕ್ಟರ್ ಇಳಿದು ಹೋಗುವುದೆಲ್ಲಿಗೆ? ಒಂದು ಸಲ ಜಾವಗಲ್ ಹತ್ತಿರ... ಬೇಡ, ಅದನ್ನು ಬರೆಯುವುದೂ ಬೇಡ.

ಜನವರಿ 11, ಗುರುವಾರ
ವಾರದ ರಜೆ. ಅರಸೀಕೆರೆಯಲ್ಲೇ ಡಾಕ್ಟರ್ ಜಿನಪ್ರಸಾದ್ ಹತ್ತಿರ ಹೋಗಿದ್ದೆ. ಶುಗರಿನ ಮೂರು ತಿಂಗಳ ಸರಾಸರಿ 10.4.
"ಮಾತ್ರೆ ತಗೋತಿದೀರಾ?"
"ಹೂಂ ಸಾರ್." ಸುಳ್ಳು.
"ಮತ್ತೆ ಇದು ಹೆಂಗೆ ಏರ್ತು? ಕಣ್ಣು ಹೋದ್ಮೇಲೆ ನನ್ನ ಹತ್ರ ಬರಬೇಡಿ."
ಹೊರಗೆ ಬೆಂಚಿನ ಮೇಲೆ ಹತ್ತು ಜನ. ಎಲ್ಲರಿಗೂ ಕೇಳಿಸಿತು. ಡೋಸ್ ಹೆಚ್ಚಿಸಿ ಬರೆದುಕೊಟ್ಟರು.

ಮಾರ್ಚ್ 20
ಎರಡು ತಿಂಗಳಿಂದ ಬರೆದಿಲ್ಲ. ಕ್ಲಿನಿಕ್ಕಿಗೂ ಹೋಗಿಲ್ಲ. ಪಾದ ಉರಿ. ಪ್ರಯಾಣಿಕರೊಬ್ಬರ ಪಾಸಿನ ಮೇಲಿನ ತಾರೀಖು ಮಂಜುಮಂಜು... ಓದಿದವಳಂತೆ ತಲೆಯಾಡಿಸಿ ವಾಪಸ್ ಕೊಟ್ಟೆ. ಕಣ್ಣು ಹೋದರೆ ಕೆಲಸವೂ ಹೋಗುತ್ತದೆ.

ಏಪ್ರಿಲ್ 16
ಡಾಕ್ಟರು ನನ್ನದೇ ಬಸ್ಸು ಹತ್ತಿದರು. ಕಾರು ರಿಪೇರಿಯಂತೆ, ಹಳೇಬೀಡಿನ ಬಸದಿಗೆ ಹೊರಟಿದ್ದರು. ಮುಖ ಕೊಡದೆ ಟಿಕೆಟ್ ಹರಿದುಕೊಟ್ಟೆ. ಜಾವಗಲ್ ದಾಟಿದ ಮೇಲೆ ಹತ್ತಿರ ಬಂದು ಮೆಲ್ಲಗೆ, "ಎರಡು ನಿಮಿಷ ನಿಲ್ಲಿಸ್ತೀರಾ? ಅರ್ಜೆಂಟು."
ಸೀಟಿ ಊದಿದೆ. ಡ್ರೈವರ್ ಪುಟ್ಟರಾಜು ಹುಣಸೆಮರದ ಹತ್ತಿರ ನಿಲ್ಲಿಸಿದ.
ಮತ್ತೆ ಹತ್ತಿ, "ಥ್ಯಾಂಕ್ಸ್ ಮಂಜುಳಾ ಅವರೇ" ಎಂದರು. ನನಗೆ ಬಾಯಿ ತಡೆಯಲಿಲ್ಲ.
"ನಿಮಗೆ ಮರದ ಮರೆ ಸಾಕು ಸಾರ್. ನಂಗೆ? ಆ ಮಾತ್ರೆ ನುಂಗಿ ಈ ಬಸ್ಸಲ್ಲಿ ಹೆಂಗೆ ನಿಲ್ಲಲಿ?"
ಅವರು ಹಳೇಬೀಡಿನಲ್ಲಿ ಇಳಿಯುವಾಗ — "ನಾನು ಕೇಳಲೇ ಇಲ್ಲ ಅಲ್ವಾ? ಗುರುವಾರ ಬನ್ನಿ. ಬೈಯಲ್ಲ."

ಏಪ್ರಿಲ್ 18, ಗುರುವಾರ
ಹೋದೆ. ಈ ಸಲ ಬಾಗಿಲು ಹಾಕಿಕೊಂಡರು.
"ವಾರಕ್ಕೆ ಎಷ್ಟು ದಿನ ಮಾತ್ರೆ ತಪ್ಪುತ್ತೆ? ಎಲ್ರಿಗೂ ತಪ್ಪುತ್ತೆ, ಹೇಳಿ."
"ಆರು ದಿನ. ಗುರುವಾರ ಒಂದೇ ನುಂಗೋದು."
ನಕ್ಕರು. ನನಗೂ ನಗು ಬಂತು.
"ನೀರು?"
"ಡ್ಯೂಟೀಲಿ ಮುಟ್ಟಲ್ಲ."
ಬರೆದುಕೊಂಡರು. ಬೇರೆ ಮಾತ್ರೆ ಕೊಟ್ಟಿದ್ದಾರೆ — ನಿಧಾನಕ್ಕೆ ಕರಗುವಂಥದ್ದು, ಕಡಿಮೆ ಡೋಸು, ರಾತ್ರಿ ಊಟದ ಜೊತೆ. ಆಗದಿದ್ದರೆ ಬಿಡಬಾರದು, ಫೋನ್ ಮಾಡಬೇಕು. ಕಣ್ಣಿನ ಟೆಸ್ಟಿಗೂ ಬರೆದರು. ಕೊನೆಗೆ, "ಈಗ ನೀವು ಹೇಳಿ, ಏನು ಮಾಡ್ತೀರಾ?" ಒಂದೊಂದಾಗಿ ಹೇಳಿದೆ. ನಡುವೆ ಮಾತು ತುಂಡರಿಸಲಿಲ್ಲ.

ಏಪ್ರಿಲ್ 27
ಹೊಟ್ಟೆ ತೆಪ್ಪಗಿದೆ. ಒಂದು ರಾತ್ರಿಯೂ ತಪ್ಪಿಲ್ಲ.

ಜುಲೈ 25, ಗುರುವಾರ
ಸರಾಸರಿ 7.6ಕ್ಕೆ ಇಳಿದಿದೆ. ಕಣ್ಣಿನ ಒಳಗೆ ಏನೂ ಆಗಿಲ್ಲ, ಶುಗರ್ ಏರಿದ್ದಕ್ಕೇ ಮಂಜಾಗುತ್ತಿತ್ತಂತೆ. ಬೀದಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಓದಿಕೊಂಡು ಬಂದೆ.
ಕ್ಲಿನಿಕ್ಕಿನ ಬೆಂಚಿನ ಮೇಲೆ, ನನ್ನ ಬಸ್ಸಿಗೆ ಹತ್ತುವ ಜಾವಗಲ್ಲಿನ ಮುನಿಯಮ್ಮ ಸಿಕ್ಕಿದ್ದಳು. "ಬೈತಾರೇನವ್ವ? ನನ್ ಮಾತ್ರೇಲಿ ಅರ್ಧ ನಮ್ ಯಜಮಾನ್ರಿಗೆ ಕೊಡ್ತೀನಿ. ಅವ್ರಿಗೂ ಐತೆ, ಆಸ್ಪತ್ರೆಗೆ ಬರಾಕಿಲ್ಲ."
"ಒಳಗೆ ಹೋಗಿ ಇದನ್ನೇ ಹೇಳಿ. ಕೇಳಿಸ್ಕೋತಾರೆ."
ಹೊರಗೆ ಬರುವವರೆಗೂ ಕಾದೆ. ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು, ನಗುತ್ತಿದ್ದಳು. ಯಜಮಾನರನ್ನೂ ಕರೆದುಕೊಂಡು ಬಾ ಎಂದರಂತೆ.
"ಅವ್ರು ಬಸ್ ಹತ್ಬೇಕಲ್ಲವ್ವ."
"ಅದು ನನಗೆ ಬಿಡಿ" ಎಂದೆ.

ಜುಲೈ 29, ಬೆಳಿಗ್ಗೆ 5.15
ಬಾಟಲಿಗೆ ನೀರು ತುಂಬಿದೆ. ವಾಪಸ್ ಟ್ರಿಪ್ಪಿನಲ್ಲಿ ಜಾವಗಲ್ಲಿನಿಂದ ಮುನಿಯಮ್ಮನ ಯಜಮಾನರನ್ನು ಹತ್ತಿಸಿಕೊಳ್ಳಬೇಕು. ಮುಂದಿನ ಸೀಟು ಹಿಡಿದಿಡಬೇಕು. ದಾರಿಯಲ್ಲಿ ಶುಗರ್ ಮಾತು ಎತ್ತುವುದಿಲ್ಲ, ಮೊದಲು ಅವರು ಇಷ್ಟು ದಿನ ಆಸ್ಪತ್ರೆಗೆ ಏಕೆ ಬರಲಿಲ್ಲ ಎಂದು ಕೇಳಬೇಕು.