ಅರ್ಧ ಇಂಚು ಸಡಿಲ

ಮನೆಯಿಂದ, ಹೊಲಿಗೆ ಮೇಜಿನ ಮುಂದೆ ಕೂತು
ಒಂಬತ್ತನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಚೀಟಿರಾಣಿಗೆ, ಅತ್ತೆಯ ತುಂಬು ಪ್ರೀತಿ.

ಹೇಗಿದ್ದೀಯ? ಕೆಮ್ಮು ನಿಂತಿತೇ? ಹಾಸ್ಟೆಲಿನ ಊಟಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ ಎಂದು ಹೋದ ಸಲ ಬರೆದಿದ್ದೆ. ಹೇಗಿದ್ದರೂ ಹೊಟ್ಟೆ ತುಂಬ ತಿನ್ನು, ಓದುವವಳಿಗೆ ತಲೆಗಿಂತ ಮೊದಲು ಹೊಟ್ಟೆ ಬೇಕು. ಪರೀಕ್ಷೆ ಮುಗಿಯುವವರೆಗೆ ನಿಮ್ಮ ಫೋನುಗಳೆಲ್ಲ ವಾರ್ಡನ್ನಿನ ಕಪಾಟಿನಲ್ಲಿವೆ ಎಂದು ಗೊತ್ತು, ಅದಕ್ಕೇ ಈ ಪತ್ರ. ಹೋದ ವರ್ಷ ಮುರಿದ ನನ್ನ ಕೈ ಈಗ ಚೆನ್ನಾಗಿ ಕೂಡಿಕೊಂಡಿದೆ, ಕತ್ತರಿ ಹಿಡಿದರೆ ನೋವಿಲ್ಲ. ನಿನ್ನ ಗಂಡನ ವಿಷಯ ಆಮೇಲೆ ಬರೆಯುತ್ತೇನೆ.

ನೀನು ಡಾಕ್ಟರಿ ಪದ ಬರೆದು ಅಂಟಿಸಿ ಹೋದ ಚೀಟಿಗಳಲ್ಲಿ ಒಂದನ್ನೂ ಕಿತ್ತಿಲ್ಲ. ದಾರದ ಡಬ್ಬಿಯ ಮೇಲೆ ಹೃದಯವಿದೆ, ಗುಂಡಿ ಡಬ್ಬಿಯ ಮೇಲೆ ಮೂತ್ರಪಿಂಡವಿದೆ. ಗಿರಾಕಿಗಳು ಇದೇನು ಬೆಲೆಪಟ್ಟಿಯೇ ಎಂದು ಕೇಳುತ್ತಾರೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಬೇಕಾದರೆ ಈ ಪದಗಳು ಬಾಯಿಗೆ ಬರಲೇಬೇಕು ಎಂದು ನೀನು ಹಟ ಹಿಡಿದು ಕೂತ ದಿನಗಳು ನೆನಪಾಗುತ್ತವೆ. ನೀನು ಗುಂಡಿ ಹೊಲಿಯುತ್ತ ಉತ್ತರ ಹೇಳಬೇಕು, ನಾನು ಮಷೀನು ತುಳಿಯುತ್ತ ಚೀಟಿ ನೋಡಿ ಪ್ರಶ್ನೆ ಕೇಳಬೇಕು. ಇಂಗ್ಲಿಷಿನ ಪಕ್ಕ ಕನ್ನಡದಲ್ಲಿ ಉಚ್ಚಾರ ಬರೆದುಕೊಟ್ಟಿದ್ದೆಯಲ್ಲ, ಕೇಳಿ ಕೇಳಿ ನನಗೂ ಬಂದುಬಿಟ್ಟಿತು. ಅಂಗಿಯ ಹಾಗೆಯೇ ಅಲ್ಲವೇ ಈ ಪದಗಳು? ಮುಂದೊಂದು ತುಂಡು, ನಡುವೆ ಮೈ, ಹಿಂದೊಂದು ತುಂಡು. ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕತ್ತರಿ. ಎದುರು ಮನೆಯವಳ ನಾಲಿಗೆಗೆ ಬಂದಿರುವುದು ಗ್ಲಾಸೈಟಿಸ್, ಅದಕ್ಕೆ ಎಕ್ಟಮಿಯೇ ಮದ್ದು ಎಂದು ನಾನು ಹೇಳಿದಾಗ ನೀನು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಿದ್ದೆ. ಆಗ ನಿನ್ನ ಗಂಡ ಬಾಗಿಲಲ್ಲಿ ನಿಂತು, “ಅತ್ತೆ ಸೊಸೆ ಸೇರಿ ಆಸ್ಪತ್ರೆ ತೆಗೀತೀರೇನು?” ಎಂದಿದ್ದ. ನಾನು ಕಲಿತಿದ್ದೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ಹೇಳುತ್ತೇನೆ, ಕೂತುಕೊಂಡು ಓದು. ಹೋದ ವಾರ ಅವನು ಮೂರು ಅಂಗಿ ತಂದಿಟ್ಟು, “ಅಮ್ಮಾ, ಕಾಲರ್ ಗುಂಡಿ ಅರ್ಧ ಇಂಚು ಸಡಿಲ ಮಾಡು, ಬಿಗಿಯಾಗ್ತಿದೆ” ಎಂದ. ನಿನ್ನ ಕೈ ಅಡುಗೆ ಇಲ್ಲದೆ ಸೊರಗಿದ್ದಾನೆ, ಸೊಂಟ ಒಂದಿಂಚು ಇಳಿದಿದೆ, ಕತ್ತು ಮಾತ್ರ ಹೇಗೆ ದಪ್ಪವಾಯಿತು? ದನಿಯೂ ಒಡೆದಂತಿತ್ತು. ಕೇಳಿದರೆ ತರಗತಿಯ ಸೀಮೆಸುಣ್ಣದ ಧೂಳು ಎಂದ. ಹದಿನೆಂಟು ವರ್ಷ ಪಾಠ ಹೇಳಿದವನಿಗೆ ಈಗ ಧೂಳು ಹತ್ತಿತೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಟ್ಟೆ ಮೇಜಿಗೆ ಬಂದರೆ ಮೊದಲು ಜೇಬು ಖಾಲಿ ಮಾಡುವುದು ನನ್ನ ಅಭ್ಯಾಸ, ನಿನಗೇ ಗೊತ್ತು. ಎರಡನೇ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು.

ಆಸ್ಪತ್ರೆಯ ಕಾಗದ, ಮೇಲೆ ಅವನ ಹೆಸರು. ನಡುವೆ ರೈಲಿನಷ್ಟು ಉದ್ದದ ಒಂದು ಪದ. ಹಳೆಯ ಹೊಲಿಗೆ ಬಿಚ್ಚುವ ಹಾಗೆ ನಿಧಾನವಾಗಿ ಬಿಚ್ಚಿದೆ. ಹೆಮಿ, ಅರ್ಧ. ಥೈರಾಯ್ಡ್, ಕತ್ತಿನ ಗ್ರಂಥಿ. ಎಕ್ಟಮಿ, ಕತ್ತರಿಸಿ ತೆಗೆಯುವುದು. ಅದರ ಕೆಳಗೆ ಇನ್ನೊಂದು ಪದವಿತ್ತು. ಕೊನೆಯಲ್ಲಿ ಓಮಾ, ಗಡ್ಡೆ. ಅದರ ಮುಂದಿನ ತುಂಡು ಕಾರ್ಸಿನ್, ಕ್ಯಾನ್ಸರು. ಆ ಚೀಟಿಯನ್ನು ನೀನು ಗೋಡೆಗೆ ಅಂಟಿಸದೆ ಪುಸ್ತಕದೊಳಗೇ ಇಟ್ಟಿದ್ದೆ, “ಇದನ್ನ ನೋಡ್ತಾ ಊಟ ಮಾಡೋಕಾಗಲ್ಲ ಅತ್ತೆ” ಎಂದಿದ್ದೆ. ಆದರೆ ಆ ಪದದ ಪಕ್ಕದಲ್ಲಿ ಡಾಕ್ಟರು ಪ್ರಶ್ನೆಯ ಗುರುತು ಹಾಕಿದ್ದಾರೆ. ನಾಲ್ಕು ದಿನದಿಂದ ಆ ಗುರುತನ್ನೇ ಹಿಡಿದುಕೊಂಡು ಕೂತಿದ್ದೇನೆ. ಕೊನೆಯಲ್ಲಿ ಆಪರೇಷನ್ನಿನ ದಿನ ಬರೆದಿತ್ತು: ಹತ್ತೊಂಬತ್ತು, ಬೆಳಿಗ್ಗೆ ಹತ್ತು. ನೀನು ಪರೀಕ್ಷೆ ಬರೆಯಲು ಕೂರುವ ದಿನ, ಕೂರುವ ಹೊತ್ತು. ಅವನಾಗಿ ಕೇಳಿ ಪಡೆದದ್ದೇ ಇರಬೇಕು. ನನಗೆ ಮಾತ್ರ ಅಂದಿನಿಂದ ಮೂರು ದಿನ ಉತ್ತರಪತ್ರಿಕೆ ತಿದ್ದಲು ಪರ ಊರಿಗೆ ಹೋಗುತ್ತೇನೆ ಎಂದು ಹೇಳಿದ್ದಾನೆ. ಟೋಪಿ ಹೊಲಿಯುವವಳಿಗೇ ಟೋಪಿ ಹಾಕುತ್ತಾನೆ ನೋಡು.

ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿ, ಇಸ್ತ್ರಿಯಾದ ಮೇಲೆ ಅದೇ ಜೇಬಿಗೆ ಸೇರಿಸಿದೆ. ಅವನ ಮೇಲೆ ಬೆಟ್ಟದಷ್ಟು ಸಿಟ್ಟು ಬಂದರೂ ಯಾಕೆ ಮುಚ್ಚಿಟ್ಟ ಎಂದು ನನಗೆ ಗೊತ್ತು. ಹೋದ ವರ್ಷ ನನ್ನ ಕೈ ಮುರಿದಾಗ ಪರೀಕ್ಷೆ ಬಿಟ್ಟು ಓಡಿ ಬಂದವಳು ನೀನು. ನನ್ನಿಂದಲೇ ನಿನ್ನ ಒಂದು ವರ್ಷ ಹೋಯಿತು, ಆ ಸಂಕಟ ನನಗೆ ಇನ್ನೂ ಇದೆ. ಈಗ ಹೇಳಿದರೆ ಮತ್ತೆ ಬಿಟ್ಟು ಬರುತ್ತೀಯ. ಹೇಳದಿದ್ದರೆ ನಾಳೆ ಯಾವ ಮುಖ ಇಟ್ಟುಕೊಂಡು ನಿನ್ನೆದುರು ನಿಲ್ಲಲಿ? ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವನೆದುರು ನಗುತ್ತ ಬಡಿಸುತ್ತೇನೆ, ಅವನು ನಗುತ್ತ ತಿನ್ನುತ್ತಾನೆ, ತುತ್ತು ನುಂಗುವಾಗ ಅವನ ಗಂಟಲನ್ನು ಕದ್ದು ನೋಡುತ್ತೇನೆ. ನಿನ್ನೆ ಬ್ಯಾಂಕಿನವರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಒಳ್ಳೆಯ ಬಟ್ಟೆ, ಹಾಳಾಯಿತು.

ಹಾಗಾಗಿ ಈ ಪತ್ರವನ್ನು ಬರೆದು ಪೆಟ್ಟಿಗೆಯಲ್ಲಿಡುತ್ತೇನೆ. ನಿನ್ನ ಪರೀಕ್ಷೆ ಮುಗಿದ ಮೇಲೆ ಕೈ ಸೇರುವಂತೆ ಹದಿನೇಳಕ್ಕೆ ಅಂಚೆಗೆ ಹಾಕುತ್ತೇನೆ. ಅಷ್ಟರಲ್ಲಿ ಅವನ ಆಪರೇಷನ್ನೂ ಆಗಿರುತ್ತದೆ, ಹೊರಗಿನ ಬೆಂಚಿನಲ್ಲಿ ನಾನು ಕೂತಿರುತ್ತೇನೆ, ಅವನು ಬೇಡವೆಂದರೂ ಸರಿ. ಬೈಯುವುದಿದ್ದರೆ ನನ್ನನ್ನು ಬೈದುಕೋ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ನೀನು ಗೆದ್ದು ಬಾ, ನಿನ್ನ ಬಾಳು ತಂಪಾಗಿರಲಿ. ನಿನ್ನ ಕೋಣೆಯ ಗೆಳತಿಯನ್ನೂ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಅತ್ತೆ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನ ಅವನು ಅಂಗಿ ಹಾಕಿ ನೋಡಲು ಬಂದ. ಕತ್ತಿಗೆ ಟೇಪು ಸುತ್ತಿದೆ, ಹೆಬ್ಬೆರಳ ಕೆಳಗೆ ಗಡ್ಡೆ ಸಿಕ್ಕಿತು. ನನ್ನ ಬಾಯಿ ತಡೆಯಲಿಲ್ಲ, ಆ ಉದ್ದದ ಪದವನ್ನು ಒಂದು ತುಂಡೂ ಬಿಡದೆ ಹೇಳಿದೆ. ಅವನು ಸ್ಟೂಲಿನ ಮೇಲೆ ಕುಸಿದು, “ಅವಳಿಗೆ ಮಾತ್ರ ಹೇಳ್ಬೇಡಮ್ಮಾ” ಎಂದು ಚಿಕ್ಕ ಮಗುವಿನಂತೆ ಅತ್ತ. ನಾಲ್ಕು ದಿನ ಮುಚ್ಚಿಟ್ಟದ್ದಕ್ಕೇ ನನ್ನ ಕೈ ಎಡಬಲ ಮರೆಯಿತು, ನೀನು ಎಷ್ಟು ದಿನದಿಂದ ಒಬ್ಬನೇ ಹೊರುತ್ತಿದ್ದೀಯೋ ಎಂದು ಅವನನ್ನು ಬೈದು, ನನ್ನೆದುರಿಗೇ ಆಸ್ಪತ್ರೆಗೆ ಫೋನು ಮಾಡಿಸಿದೆ. ನಾಲ್ಕು ದಿನ ತಡವಾದರೆ ತೊಂದರೆಯಿಲ್ಲ ಎಂದು ಡಾಕ್ಟರೇ ಹೇಳಿದರು. ಈಗ ಆಪರೇಷನ್ ಇಪ್ಪತ್ತಮೂರಕ್ಕೆ, ನಿನ್ನ ಪರೀಕ್ಷೆ ಮುಗಿದ ಮೇಲೆ. ಒಪ್ಪಿಗೆ ಕಾಗದದಲ್ಲಿ ಹತ್ತಿರದವರ ಸಹಿಗೆ ಶಾಲೆಯ ಗುಮಾಸ್ತರನ್ನು ಕೇಳಿದ್ದನಂತೆ. ಆ ಜಾಗ ಖಾಲಿ ಇರಲಿ ಎಂದಿದ್ದೇನೆ, ಸಹಿ ನಿನ್ನದು. ಪತ್ರ ಇವತ್ತೇ ಹಾಕುತ್ತೇನೆ. ನೀನು ಎಲ್ಲ ತಿಳಿದೂ ಬರೆಯಬಲ್ಲೆ. ಬರೆದೇ ಬಾ, ಅದಕ್ಕೆ ಮೊದಲು ಬಂದರೆ ಬಾಗಿಲು ತೆಗೆಯುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅದೇ ಪದ ಬಂದರೆ ಬಿಟ್ಟು ಮುಂದೆ ಹೋಗಬೇಡ, ಬಿಚ್ಚಿ ಬರೆ. ಹೆಮಿ ಎಂದರೆ ಅರ್ಧ ಎಂದು ಮೊದಲು ಬರೆ. ಇನ್ನರ್ಧ ಅವನಲ್ಲೇ ಇರುತ್ತದೆ.